ಮರೆತಳೆಂದು ಅಚ್ಚಾಯಿತು

ಬಿಳಿ ರಂಜಕವನ್ನು ನೀರಿನೊಳಗೇ ಕತ್ತರಿಸಬೇಕು. ಹೊರಗೆ ತೆಗೆದರೆ ಹೊಗೆಯಾಡುತ್ತದೆ, ಸ್ವಲ್ಪ ಬಿಸಿಯಾದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಕೈಗೆ ತಗುಲಿದರೆ ಚರ್ಮ ದಾಟಿ ಮಾಂಸಕ್ಕಿಳಿದು ಉರಿಯುತ್ತದೆ. ನೋಡುವುದಕ್ಕೆ ಮಾತ್ರ ಮೇಣದ ತುಂಡಿನಷ್ಟು ಸಾಧು. ಇಂಥದ್ದನ್ನು ಇಪ್ಪತ್ತಾರು ವರ್ಷ ದಿನವೂ ಕತ್ತರಿಸಿ, ಒಣಗಿಸಿ, ತೂಗಿ ಕೊಟ್ಟು, ಉಳಿದದ್ದನ್ನು ಕೊಂದು ಮನೆಗೆ ಹೋಗುತ್ತಿದ್ದ ಹೆಂಗಸೊಬ್ಬಳ ಕಥೆ ಇದು. ಅಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದು ಕಿಡಿಯೂ ಹಾರಿರಲಿಲ್ಲ. ಈ ಮಾತನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಮುಂದೆ ಬೇರೆಯವರು ಬೇರೆ ಥರ ಹೇಳುವವರಿದ್ದಾರೆ.

ಅವಳ ಹುದ್ದೆ ಪ್ರಯೋಗಾಲಯದ ಸಹಾಯಕಿ. ಕರೆಯುವುದು ಎಲ್ಲರೂ ಅಕ್ಕ ಎಂದೇ. ಸೇರಿದ ಹೊಸದರಲ್ಲಿ ತನಗಿಂತ ಹತ್ತು ವರ್ಷ ದೊಡ್ಡವರಿಗೂ ಅಕ್ಕನಾಗಿದ್ದಳು, ಈಗ ಮಗಳ ವಯಸ್ಸಿನವರಿಗೂ ಅಕ್ಕನೇ. ಓದಿದ್ದು ಕಾಲೇಜಿನ ಎರಡನೇ ವರ್ಷದವರೆಗೆ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ರಂಜಕಕ್ಕೆ ಬೆಳ್ಳುಳ್ಳಿಯ ವಾಸನೆ. ಸಂಜೆ ಅವಳು ಒಳಗೆ ಕಾಲಿಟ್ಟರೆ ಅವನು ಹೊಲಿಗೆ ಯಂತ್ರ ನಿಲ್ಲಿಸದೆಯೇ, "ಬಂದ್ಯಾ? ಇವತ್ತು ಎಷ್ಟು ಕೆ.ಜಿ. ಸುಲಿದೆ?" ಎನ್ನುತ್ತಿದ್ದ. ಬೆಳ್ಳುಳ್ಳಿ ಸುಲಿಯುವವಳಿಗೆ ಪಿಂಚಣಿ ಸಮೇತ ಕೆಲಸ ಕೊಟ್ಟಿದ್ದಾರೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದ.

ಅವಳ ಕೋಣೆ ಮೂರನೇ ಮಹಡಿಯ ತುದಿಯಲ್ಲಿತ್ತು. ಒಂದು ಗೋಡೆಯ ಉದ್ದಕ್ಕೂ ಗಾಳಿ ನುಸುಳದ ಗಾಜಿನ ಪೆಟ್ಟಿಗೆ. ಅದರ ಮುಂಭಾಗಕ್ಕೆ ತೋಳುದ್ದದ ಎರಡು ಜೊತೆ ರಬ್ಬರಿನ ಕೈಗವಸುಗಳನ್ನು ಒಳಮುಖವಾಗಿ ಬಿಗಿದಿದ್ದರು. ಹೊರಗೆ ನಿಂತು, ಗವಸಿನೊಳಗೆ ಕೈ ತೂರಿಸಿ, ಒಳಗಿನ ಕೆಲಸ ಮಾಡಬೇಕು. ಪೆಟ್ಟಿಗೆಯೊಳಗೇ ಒಂದು ಪುಟ್ಟ ಶೀತಕ. ಎದುರು ಗೋಡೆಗೆ ರಂಜಕದ ಕಬ್ಬಿಣದ ಬೀರು. ಅದರ ಬೀಗದ ಕೈ ಅಕ್ಕನ ಸೊಂಟದಲ್ಲಿ. ಮೇಷ್ಟ್ರಿಗೆ ರಂಜಕ ಬೇಕಾದರೂ ಅಕ್ಕನನ್ನು ಕೇಳಬೇಕು. ಅವಳಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಇದ್ದರೇನು ತಪ್ಪು?

ಮೇಷ್ಟ್ರು ಆ ಪ್ರಯೋಗಾಲಯದ ಯಜಮಾನರು. ಅವರ ಜೀವಮಾನದ ಹುಚ್ಚು ಒಂದೇ, ಲೋಹದ ನೆರವಿನಿಂದ ರಂಜಕದ ಅಣುವನ್ನು ಬಿಡಿಸಿ ಹೊಸ ರೂಪಕ್ಕೆ ಕಟ್ಟುವುದು. ಬಿಳಿ ರಂಜಕದ ಅಣುವೊಂದರಲ್ಲಿ ನಾಲ್ಕು ಪರಮಾಣುಗಳಿವೆ. ಒಂದೊಂದೂ ಉಳಿದ ಮೂರರ ಕೈ ಹಿಡಿದು ಇಕ್ಕಟ್ಟಿನಲ್ಲಿ ಕೂತಿರುತ್ತದೆ. ಆ ಇಕ್ಕಟ್ಟೇ ಅದರ ಸಿಟ್ಟಿಗೆ ಕಾರಣ. ಕೋಬಾಲ್ಟಿನಂಥ ಲೋಹದ ಒಂದು ಮಗ್ಗುಲಿಗೆ ದೊಡ್ಡ ಅಣುವೊಂದನ್ನು ಹೊದಿಸಿ, ಇನ್ನೊಂದು ಮಗ್ಗುಲನ್ನು ಖಾಲಿ ಬಿಟ್ಟು ಹತ್ತಿರ ತಂದರೆ, ಅದು ರಂಜಕದ ಒಂದು ಕೊಂಡಿಯನ್ನು ಬಿಡಿಸಿ ನಡುವೆ ತೂರಿಕೊಳ್ಳುತ್ತದೆ. ಬಾಯಿ ತೆರೆದ ರಂಜಕ ಲೋಹಕ್ಕೆ ಅಂಟಿ ಕೂರುತ್ತದೆ. ಆಮೇಲೆ ಅದರ ಹಣೆಬರಹ ಹೀಗೇ ಎಂದು ಯಾರೂ ಹೇಳಲಾರರು. ಎರಡೆರಡಾಗಿ ಒಡೆಯಬಹುದು, ಐದು ಸೇರಿ ಬಳೆಯಾಗಬಹುದು, ಎಂಟು ಸೇರಿ ಗೂಡು ಕಟ್ಟಬಹುದು. ಮೇಷ್ಟ್ರಿಗೆ ಎಂಟರ ಗೂಡು ಬೇಕಿತ್ತು. ಹನ್ನೊಂದು ವರ್ಷ, ಆರು ಮಂದಿ ವಿದ್ಯಾರ್ಥಿಗಳು, ಏನು ತಿಪ್ಪರಲಾಗ ಹಾಕಿದರೂ ಫ್ಲಾಸ್ಕಿನ ತಳದಲ್ಲಿ ಬಂದು ಕೂರುತ್ತಿದ್ದದ್ದು ಹಸಿರು ರಾಡಿ.

ಆ ರಾಡಿಯನ್ನು ತೊಳೆಯುತ್ತಿದ್ದವಳು ಅಕ್ಕ. ವಿದ್ಯಾರ್ಥಿ ಮಕ್ಕಳು ಪ್ರಯೋಗ ಮುಗಿಸಿ ಎದ್ದು ಹೋದರೆ ಉಳಿಕೆಯ ಫ್ಲಾಸ್ಕುಗಳೆಲ್ಲ ಅವಳ ಪಾಲು. ಅವಕ್ಕೆ ಮೈಲುತುತ್ತದ ನೀರು ಹಾಕಬೇಕು. ರಂಜಕ ಉಳಿದಿದ್ದರೆ ನೀಲಿ ನೀರು ಕಪ್ಪಾಗುತ್ತದೆ. ಸುರಿದು, ಕಾದು, ಮತ್ತೆ ಸುರಿದು, ನೀಲಿ ನೀಲಿಯಾಗಿಯೇ ಉಳಿಯುವವರೆಗೆ ಬಿಡುವಂತಿಲ್ಲ. ಒಂದು ಫ್ಲಾಸ್ಕನ್ನು ಹಾಗೇ ಬಿಟ್ಟು ಹೋಗುವುದು ಈ ಕಸುಬಿನಲ್ಲಿ ಮಹಾಪಾಪ. ಮಗಳ ಹೆರಿಗೆಯ ದಿನವೂ ಅಕ್ಕ ಕೊನೆಯ ಫ್ಲಾಸ್ಕು ನೀಲಿಯಾದ ಮೇಲೇ ಆಸ್ಪತ್ರೆಗೆ ಓಡಿದ್ದು. ಮಗಳು ಇಂದಿಗೂ ಅದನ್ನೆತ್ತಿ ಆಡುತ್ತಾಳೆ.

ಎಲ್ಲರೂ ಬಿಸಾಡಿದ್ದನ್ನು ನೋಡುವ ಕಣ್ಣಿಗೆ ಕೆಲವು ಸಂಗತಿ ಬೇರೆಯಾಗಿ ಕಾಣುತ್ತವೆ. ಶೀತಕದಲ್ಲಿಟ್ಟ ಉಳಿಕೆ ರಂಜಕಕ್ಕೆ ಯಾರಾದರೂ ಉಳಿಕೆ ಲೋಹವನ್ನು ಒಂದೆರಡು ಹನಿ ಸುರಿದಿದ್ದರೆ, ಆ ಫ್ಲಾಸ್ಕು ಮಾತ್ರ ಹಸಿರಾಗದೆ ಕಡುಗೆಂಪಾಗಿರುತ್ತಿತ್ತು. ಎರಡು ವರ್ಷದಲ್ಲಿ ಮೂರು ಸಲ ಹಾಗೆ ಕಂಡಳು. ಮೂರನೇ ಸಲ ತೊಳೆಯುವ ಕೈ ನಿಂತಿತು.

ಆಗ ಅವಳ ಬೆನ್ನಿಗೆ ಅಂಟಿಕೊಂಡಿದ್ದ ಹುಡುಗಿಯ ಅಡ್ಡಹೆಸರು ಪಟಾಕಿ. ಬಾಯಿ ತೆರೆದರೆ ಸರ ಹಚ್ಚಿದ ಹಾಗೆ, ನಿಲ್ಲುತ್ತಿರಲಿಲ್ಲ. ಸಂಶೋಧನೆಯ ನಾಲ್ಕನೇ ವರ್ಷ, ಕೈಯಲ್ಲಿ ಏನೂ ಇಲ್ಲ, ಮೇಷ್ಟ್ರ ಮುಖ ದಿನದಿನಕ್ಕೆ ದಪ್ಪಗಾಗುತ್ತಿತ್ತು. ಬಂದ ಮೊದಲ ವಾರ ಗವಸಿನೊಳಗೆ ಕೈ ನಡುಗಿ ಫ್ಲಾಸ್ಕು ಕೆಡವಿದವಳನ್ನು ಅಕ್ಕನೇ ಹಿಂದೆ ನಿಂತು, ಮೊಣಕೈ ಹಿಡಿದು, ತಿದ್ದಿ ತಯಾರು ಮಾಡಿದ್ದಳು. ಜ್ವರ ಬಂದರೆ ಗಂಜಿ, ಅಳು ಬಂದರೆ ಸೆರಗು. ಹೆತ್ತ ಮಗಳಿಗೆ ಮಾಡದ್ದನ್ನು ಈ ಹುಡುಗಿಗೆ ಮಾಡಿದಳು.

"ನೀವೆಲ್ಲ ಲೋಹಕ್ಕೆ ರಂಜಕ ಸುರೀತೀರ," ಎಂದಳು ಅಕ್ಕ ಅವಳಿಗೆ, ತೊಳೆಯುವ ತೊಟ್ಟಿಯ ಪಕ್ಕ ನಿಂತು. "ತಿರುಗಿಸಿ ಮಾಡಿ ನೋಡೋಣ. ರಂಜಕ ಜಾಸ್ತಿ ಇರಲಿ. ಕೊರೆಯೋ ಥಂಡೀಲಿ ಲೋಹ ಹನಿ ಹನಿಯಾಗಿ ಬೀಳಲಿ."

"ಅದರಿಂದ ಏನಾಗುತ್ತೆ ಅಕ್ಕ?"

"ಲೋಹ ಜಾಸ್ತಿ ಇದ್ರೆ ಒಂದೇ ರಂಜಕಾನ ನಾಲ್ಕು ಕಡೆಯಿಂದ ಹರಿದು ಹಂಚ್ಕೊಂಡುಬಿಡುತ್ತೆ. ಕಮ್ಮಿ ಇದ್ರೆ ಒಂದು ಕೊಂಡಿ ಬಿಚ್ಚೋದ್ರಲ್ಲೇ ಸುಸ್ತು. ಬಾಯಿ ತೆರೆದ ರಂಜಕ ಪಕ್ಕದಲ್ಲೇ ಇರೋ ಇನ್ನೊಂದನ್ನ ಹಿಡ್ಕೊಳುತ್ತೆ. ನಾಲ್ಕೂ ನಾಲ್ಕೂ ಎಂಟು. ನನಗೇನು ಗೊತ್ತಮ್ಮ, ತೊಳೆಯೋವಾಗ ಹಾಗನ್ನಿಸ್ತು."

ಮರುದಿನದಿಂದ ನಾಲ್ಕು ದಿನ ರಜೆ, ಪಟಾಕಿ ಊರಿಗೆ ಹೊರಟಿದ್ದಳು. "ನೀವೇ ಮಾಡಿ ಅಕ್ಕ. ನನ್ನ ಕೋಬಾಲ್ಟ್ ಮಿಕ್ಕಿದೆ, ಅದನ್ನೇ ತಗೊಳ್ಳಿ" ಎಂದು ಹೇಳಿ ಚೀಲ ಹೆಗಲಿಗೇರಿಸಿದಳು.

ಅಕ್ಕ ಮಾಡಿದಳು. ಸಹಾಯಕಿಯರಿಗೆ ಪ್ರಯೋಗದ ಪುಸ್ತಕವಿಲ್ಲ. ಅದು ವಿದ್ಯಾರ್ಥಿಗಳ ಸೊತ್ತು. ಹಾಗಾಗಿ ಅಳತೆಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಳು. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ನೂರು ಎಣಿಸಿ, ಎರಡೂವರೆ ಗಂಟೆ ಗವಸಿನಲ್ಲಿ ಕೈಯಿಟ್ಟು ನಿಂತು, ಲೋಹ ಮುಗಿಸಿ, ಫ್ಲಾಸ್ಕನ್ನು ಶೀತಕದ ಹಿಂಬದಿಯಲ್ಲಿ ಅಲುಗದಂತೆ ಕೂರಿಸಿದಳು. ರಜೆಯ ನಾಲ್ಕು ದಿನವೂ ಎರಡು ಬಸ್ಸು ಬದಲಿಸಿ ಬಂದು, ಹಣೆಯನ್ನು ಗಾಜಿಗೆ ಒತ್ತಿ ನೋಡಿ ಹೋದಳು. "ರಜೆ ಅಂದ್ರೆ ಏನು ಅಂತ ಆ ಫ್ಲಾಸ್ಕಿಗಾದ್ರೂ ಗೊತ್ತಿದೆಯೇನೇ?" ಎಂದು ಗಂಡ ಗೊಣಗಿದ. ಮೂರನೇ ದಿನ ತಳದಲ್ಲಿ ಏನೋ ಮಿನುಗಿತು. ನಾಲ್ಕನೇ ದಿನ ಸಾಸಿವೆಯಷ್ಟು ಕೆಂಪು ಹರಳುಗಳು.

ಸೋಮವಾರ ಹತ್ತು ಗಂಟೆಗೆ ಪಟಾಕಿ ಬಂದಳು, ನೋಡಿದಳು, ಅಕ್ಕನ ಕುತ್ತಿಗೆಗೆ ಜೋತುಬಿದ್ದು ಅತ್ತಳು. "ಅಕ್ಕ, ಇದು ನಿಮ್ಮದು, ನಿಮ್ಮದೇ" ಎಂದಳು. ಅಕ್ಕ ತಲೆಯಲ್ಲಿದ್ದ ಅಳತೆಗಳನ್ನೆಲ್ಲ ಅವಳಿಗೆ ಬಾಯಲ್ಲೇ ಹೇಳಿಕೊಟ್ಟಳು. ಹನ್ನೊಂದಕ್ಕೆ ವಾರದ ಸಭೆ. ಅದಕ್ಕೆ ಸಹಾಯಕಿಯರು ಹೋಗುವುದಿಲ್ಲ. ಹರಳಿನೊಳಗೆ ಕ್ಷಕಿರಣ ಹಾಯಿಸಿದಾಗ ಎಂಟು ರಂಜಕಗಳ ಗೂಡು ಲೋಹಗಳ ನಡುವೆ ಕೂತಿರುವುದು ಕಂಡಿತು. ಮೇಷ್ಟ್ರು ಸಿಹಿ ಹಂಚಿದರು. ಪಟಾಕಿಗೆ ಪದವಿ ಬಂತು, ದೂರದ ಊರಿನಲ್ಲಿ ಅವಳದೇ ಪ್ರಯೋಗಾಲಯ ಬಂತು. ಹೊರಡುವ ದಿನ ಅಕ್ಕನ ಕಾಲಿಗೆ ಬಿದ್ದು ಹೋದಳು. ಅಕ್ಕ ಆಮೇಲೆ ನಾಲ್ಕು ವರ್ಷ ಆ ಸೋಮವಾರವನ್ನು ನೆನೆದು ಒಳಗೊಳಗೇ ಬೀಗುತ್ತಿದ್ದಳು. ತನ್ನ ಹೆಸರು ಎಲ್ಲಿಯೂ ಬರಲಿಲ್ಲವೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಬರಬೇಕಿತ್ತೆಂದು ಯಾರೂ ಹೇಳಿಯೂ ಇರಲಿಲ್ಲ.

ಪಟಾಕಿಗೆ ದೊಡ್ಡ ಪ್ರಶಸ್ತಿ ಬಂದಾಗ ವಿಜ್ಞಾನದ ಪತ್ರಿಕೆಯೊಂದು ಅವಳನ್ನು ಮಾತಾಡಿಸಿತು. ಆ ಪುಟವನ್ನು ಸಂಸ್ಥೆಯವರು ಕೆಳಗಿನ ಹಜಾರದ ಫಲಕಕ್ಕೆ ಹೆಮ್ಮೆಯಿಂದ ಅಂಟಿಸಿದರು. ಅಕ್ಕ ಬೆಳಿಗ್ಗೆ ಬರುತ್ತಲೇ ಫೋಟೋ ಕಂಡು ಕನ್ನಡಕ ಹಾಕಿಕೊಂಡಳು. ಸುತ್ತ ನಾಲ್ಕೈದು ಜನ ಓದುತ್ತಿದ್ದರು. ಗೂಡು ಹೇಗೆ ಸಿಕ್ಕಿತೆಂದು ಕೇಳಿದ್ದಕ್ಕೆ ಪಟಾಕಿಯ ಉತ್ತರ ಹೀಗಿತ್ತು: "ನಮ್ಮ ಸಹಾಯಕಿ ತೊಳೆಯಬೇಕಿದ್ದ ಫ್ಲಾಸ್ಕೊಂದನ್ನು ಮರೆತು ರಜೆಗೆ ಹೋಗಿದ್ದಳು. ನಾನು ಮರಳಿ ಬಂದಾಗ ಅದರ ತಳದಲ್ಲಿ ಹರಳುಗಳಿದ್ದವು. ಅದೃಷ್ಟ ಹೀಗೂ ಬರುತ್ತದೆ, ನೋಡುವ ಕಣ್ಣಿರಬೇಕು ಅಷ್ಟೇ."

ಓದುತ್ತಿದ್ದವರಲ್ಲಿ ಒಬ್ಬ ನಕ್ಕು, "ಅಕ್ಕ, ನೀವು ಮರೆತಿದ್ದೇ ಒಳ್ಳೇದಾಯ್ತು ಬಿಡಿ!" ಎಂದ. ಅಕ್ಕ ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ಮೆಟ್ಟಿಲ ಮೇಲೆ ಕೂತಳು.

ಅದೇ ಪುಟವನ್ನು ಸುರಕ್ಷತಾ ಅಧಿಕಾರಿಯೂ ಓದಿದರು. ಒಳ್ಳೆಯ ಮನುಷ್ಯ, ನಿಯಮದ ಮನುಷ್ಯ. ರಂಜಕದ ಉಳಿಕೆ ನಾಲ್ಕು ದಿನ ಯಾರ ಕಾವಲೂ ಇಲ್ಲದೆ ಬಿದ್ದಿತ್ತೆಂದರೆ ಅವರು ಸುಮ್ಮನಿರುವ ಹಾಗಿರಲಿಲ್ಲ. ಮಧ್ಯಾಹ್ನ ಬಂದು ಬೀಗದ ಕೈ ಕೇಳಿದರು. "ವಿಚಾರಣೆ ಮುಗಿಯೋವರೆಗೆ ಅಷ್ಟೇ ಅಕ್ಕ" ಎಂದರು. ಅಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಡುವಾಗ ಕೋಣೆಯಲ್ಲಿದ್ದ ಮಕ್ಕಳೆಲ್ಲ ತಮ್ಮ ತಮ್ಮ ಫ್ಲಾಸ್ಕುಗಳನ್ನು ತುಂಬಾ ಮನಸ್ಸಿಟ್ಟು ನೋಡತೊಡಗಿದರು.

ಅವಳು ಮೊದಲು ಓಡಿದ್ದು ಮೇಷ್ಟ್ರ ಬಳಿಗೆ. "ಸಾರ್, ನಾನು ಬೇಕಂತಲೇ ಮಾಡಿದ್ದು. ಅವಳಿಗೆ ಹೇಳೇ ಮಾಡಿದ್ದು. ನಿಮಗೆ ಗೊತ್ತಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಕೂತರು. "ಅವತ್ತು ಸೋಮವಾರದ ಮೀಟಿಂಗಲ್ಲೇ ಅವಳು ಹಾಗೇ ಹೇಳಿದ್ದು ಅಕ್ಕ. ಫ್ಲಾಸ್ಕ್ ಮರೆತುಹೋಗಿದ್ರು, ದಯವಿಟ್ಟು ಬೈಬೇಡಿ ಸಾರ್, ಪಾಪ, ಅಂತ ನನ್ನ ಹತ್ರ ಮಾತು ತಗೊಂಡ್ಲು. ನಿಮಗೆ ನಾಚಿಕೆ ಆಗೋದು ಬೇಡ ಅಂತ ನಾನೂ ಕೇಳಲಿಲ್ಲ."

ಎದ್ದು ಹಳೆಯ ಪ್ರಯೋಗದ ಪುಸ್ತಕ ತೆಗೆದು ತೋರಿಸಿದರು. ಆ ಸೋಮವಾರದ ತಾರೀಕು, ಪಟಾಕಿಯ ಅಕ್ಷರ. ತೊಳೆಯಲು ಇಟ್ಟ ಫ್ಲಾಸ್ಕು, ಆಕಸ್ಮಿಕ. ಅದರ ಕೆಳಗೆ, ಈ ಆಕಸ್ಮಿಕವನ್ನು ಕಂಡು ತಾನು ಯೋಚಿಸಿದ ವಿಧಾನ ಎಂದು ಬರೆದು, ಅಕ್ಕ ಬಾಯಲ್ಲಿ ಹೇಳಿದ್ದ ಅಳತೆಗಳೆಲ್ಲ.

ಹತ್ತು ಗಂಟೆಗೆ ಕುತ್ತಿಗೆ ತಬ್ಬಿ ಅತ್ತವಳು, ಹನ್ನೊಂದಕ್ಕೆ ಅದೇ ಕುತ್ತಿಗೆ ಕೊಯ್ದಿದ್ದಳು. ನಾಲ್ಕು ವರ್ಷ ಅಕ್ಕನಿಗೆ ರಕ್ತ ಕಾಣಲಿಲ್ಲ, ಅಷ್ಟೇ. ಆ ಸೋಮವಾರದ ತಿಂಗಳಿಂದಲೇ ಮೇಷ್ಟ್ರು ಸಂಜೆ ಹೊತ್ತು ಒಬ್ಬ ವಿದ್ಯಾರ್ಥಿಯನ್ನು ಕಳಿಸಿ ತೊಟ್ಟಿಯ ಫ್ಲಾಸ್ಕು ಎಣಿಸಲು ಶುರುಮಾಡಿದ್ದರು. ಹೊಸ ನಿಯಮವಿರಬೇಕೆಂದು ಅಕ್ಕ ಆ ಹುಡುಗನಿಗೆ ಟೀ ಕೊಡುತ್ತಿದ್ದಳು. ಇಡೀ ಮಹಡಿ ನಾಲ್ಕು ವರ್ಷ ಅವಳನ್ನು ಕ್ಷಮಿಸುತ್ತಿತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಯಾಕೆ ಹಾಗೆ ಮಾಡಿದಳು ಎಂಬುದು ಬಸ್ಸಿನಲ್ಲಿ ಕೂತಾಗ ಅಕ್ಕನಿಗೆ ಹೊಳೆಯಿತು. ಒಬ್ಬರು ಯೋಚಿಸಿ ಮಾಡಿದ ಕೆಲಸ ಅವರದೇ, ಅದನ್ನು ಕಸಿಯಲು ಕಷ್ಟ. ಮರೆತು ಬಿಟ್ಟುಹೋದದ್ದು ಎತ್ತಿಕೊಂಡವರ ಪಾಲು. ಹುಡುಗಿ ಕದ್ದಿರಲಿಲ್ಲ, ಅದಕ್ಕಿಂತ ಜಾಣತನ ಮಾಡಿದ್ದಳು. ಕದಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ ಎಂದು ಬರೆದುಬಿಟ್ಟಿದ್ದಳು.

ಗಂಡ ವಿಷಯ ಕೇಳಿ ಮೊದಲ ಬಾರಿಗೆ ಯಂತ್ರ ನಿಲ್ಲಿಸಿದ. "ಗೇಟಿನ ಪುಸ್ತಕದಲ್ಲಿ ಸಹಿ ಹಾಕಿರ್ತೀಯಲ್ಲ, ರಜೆ ದಿನ ಬಂದಿದ್ದಕ್ಕೆ?" ಎಂದ. ಅದನ್ನೂ ಕೇಳಿ ನೋಡಿದ್ದಾಯಿತು. ಕಾವಲುಗಾರರ ಪುಸ್ತಕಗಳು ಮೂರು ವರ್ಷಕ್ಕೊಮ್ಮೆ ರದ್ದಿಗೆ ಹೋಗುತ್ತವಂತೆ. "ಹಾಗಾದ್ರೆ ಅವಳಿಗೇ ಫೋನ್ ಮಾಡು. ಮುಖಕ್ಕೆ ಉಗಿ."

ಅಕ್ಕ ಫೋನ್ ಮಾಡಿದಳು. ಉಗಿಯಲು ಬಾಯಿ ಬರಲಿಲ್ಲ.

"ಅಯ್ಯೋ ಅಕ್ಕ!" ಎಂದಳು ಪಟಾಕಿ, ಅದೇ ಸರ ಹಚ್ಚಿದ ದನಿಯಲ್ಲಿ. "ಅದನ್ನ ಅಷ್ಟೊಂದು ಮನಸ್ಸಿಗೆ ಹಚ್ಕೊಂಡ್ರಾ? ಕೇಳೋರಿಗೆ ಏನೋ ಒಂದು ಸ್ವಾರಸ್ಯ ಬೇಕಿರುತ್ತೆ, ಹೇಳ್ದೆ. ನಿಮ್ಮ ಹೆಸರಂತೂ ಹಾಕಿಲ್ವಲ್ಲ."

"ಆ ಕೋಣೇಲಿ ಎಷ್ಟು ಜನ ಸಹಾಯಕಿಯರಿದ್ದರಮ್ಮ?"

ಪಟಾಕಿ ಮಾತು ತಿರುಗಿಸಿ ಅಕ್ಕನ ಗಂಡನ ಕ್ಷೇಮ ಕೇಳಿದಳು.

"ಬೀಗದ ಕೈ ತಗೊಂಡ್ರು ಕಣೇ. ನನಗೆ ಪ್ರಶಸ್ತಿ ಬೇಡ, ಹೆಸರೂ ಬೇಡ. ಅಕ್ಕ ಮರೆತಿದ್ದಲ್ಲ, ಬೇಕಂತಲೇ ಇಟ್ಟಿದ್ದು ಅಂತ ಒಂದು ಸಾಲು ಬರೆದು ಕಳಿಸು. ಅಷ್ಟೇ ಸಾಕು."

"ಬರೀತೀನಿ ಅಕ್ಕ. ಖಂಡಿತ ಬರೀತೀನಿ. ನಿಮಗೋಸ್ಕರ ಇಷ್ಟೂ ಮಾಡಲ್ವಾ?" ಅವಳ ದನಿ ತೇವವಾಗಿತ್ತು. ಫೋನಿಟ್ಟ ಮೇಲೆ ಅಕ್ಕನಿಗೆ ಹಗುರವೆನಿಸಿತು. ಹುಡುಗಿ ಕೆಟ್ಟವಳಲ್ಲ, ಎಳೆ ವಯಸ್ಸಿನಲ್ಲಿ ಹೆದರಿ ಏನೋ ಅಂದಳು, ಈಗ ಸರಿಮಾಡುತ್ತಾಳೆ ಎಂದು ಗಂಡನಿಗೂ ಹೇಳಿ ತನಗೂ ಹೇಳಿಕೊಂಡಳು. ನಂಬುವುದು ಅವಳ ಹಳೆಯ ರೋಗ.

ಹದಿನಾರು ದಿನ ಅಕ್ಕ ಕೆಳಮಹಡಿಯ ಗಾಜು ತೊಳೆಯುವ ಕೋಣೆಯಲ್ಲಿ ಖಾಲಿ ಬಾಟಲಿ ತೊಳೆದಳು. ಹದಿನೇಳನೆಯ ದಿನ ಅಧಿಕಾರಿ ಕರೆಸಿದರು. ಮೇಜಿನ ಮೇಲೆ ಬೀಗದ ಕೈ, ಒಂದು ಅಚ್ಚಿನ ನಮೂನೆ, ಒಂದು ಲಕೋಟೆ. ಅವರ ಮುಖ ಅರಳಿತ್ತು.

"ಬಂತು ನೋಡಿ ಅಕ್ಕ ಪತ್ರ! ಕೈಯಲ್ಲೇ ಬರೆದು ಕಳಿಸಿದಾರೆ. ಅಷ್ಟು ದೊಡ್ಡವರಾದ್ರೂ ನಿಮ್ಮನ್ನ ಮರೆತಿಲ್ಲ. ಕೂತ್ಕೊಂಡು ಓದಿ."

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. "ಅಕ್ಕ ನನಗೆ ತಾಯಿಯ ಸಮಾನ. ಅವರಷ್ಟು ಎಚ್ಚರದ ಕೈಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮರೆವು ಯಾರಿಗೂ ತಪ್ಪಿದ್ದಲ್ಲ. ಅವರ ವಯಸ್ಸನ್ನೂ ಸೇವೆಯನ್ನೂ ನೋಡಿ ಆ ಒಂದು ಮರೆವನ್ನು ಮನ್ನಿಸಬೇಕೆಂದು ಕೈಮುಗಿದು ಬೇಡುತ್ತೇನೆ."

ಅಕ್ಕ ಎರಡನೇ ಸಲ ಓದಿದಳು. ಈಗ ಅವಳು ನೋಡಿದ್ದು ಮಾತನ್ನಲ್ಲ, ಬರಹವನ್ನು. ಪಟಾಕಿ ಕಾಟು ಹೊಡೆಯದೆ ಮೂರು ಸಾಲು ಬರೆದವಳಲ್ಲ. ಅವಳ ಪುಸ್ತಕದಲ್ಲಿ ಪುಟಕ್ಕೆ ಹತ್ತು ಕಡೆ ಗೀಚಿರುತ್ತಿದ್ದಳು. ಈ ಹಾಳೆಯಲ್ಲಿ ಒಂದು ಅಕ್ಷರವೂ ಹೊಡೆದಿರಲಿಲ್ಲ, ಒಂದು ಒತ್ತೂ ತಿದ್ದಿರಲಿಲ್ಲ. ಮೊದಲು ಬೇರೆ ಹಾಳೆಯಲ್ಲಿ ಬರೆದು, ಅಳೆದು ತೂಗಿ, ಆಮೇಲೆ ನಿಧಾನವಾಗಿ ಇಳಿಸಿದ್ದಳು. ಹೆದರಿ ಬಾಯ್ತಪ್ಪಿ ಆಡಿದ್ದೆಂದು ಹೇಳಿಕೊಳ್ಳಲು ಅಕ್ಕನಿಗೆ ಇನ್ನು ಏನೂ ಉಳಿಯಲಿಲ್ಲ.

"ಇಲ್ಲೊಂದು ಸಹಿ ಹಾಕಿಬಿಡಿ," ಎಂದು ಅಧಿಕಾರಿ ನಮೂನೆ ಸರಿಸಿದರು. "ನನ್ನ ಮರೆವಿಗೆ ವಿಷಾದಿಸುತ್ತೇನೆ, ಮುಂದೆ ಹೀಗಾಗದು, ಅಂತ. ಬರೀ ಔಪಚಾರಿಕ. ಇವತ್ತೇ ಬೀಗದ ಕೈ ತಗೊಂಡು ಮೇಲೆ ಹೋಗಿ. ನೀವಿಲ್ಲದೆ ಅಲ್ಲಿ ಯಾರೂ ರಂಜಕ ಮುಟ್ಟೋ ಧೈರ್ಯ ಮಾಡ್ತಿಲ್ಲ."

ಅವಳು ಬೀಗದ ಕೈಯನ್ನು ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ನಿವೃತ್ತಿಗೆ ಇನ್ನೂ ಆರು ವರ್ಷ. ಆರು ವರ್ಷ ಬಾಟಲಿ ತೊಳೆಯುವುದೆಂದರೆ ಏನೆಂದು ಅವಳಿಗೆ ಹದಿನಾರು ದಿನದಲ್ಲೇ ಗೊತ್ತಾಗಿತ್ತು. ಪೆನ್ನು ಎತ್ತಿಕೊಂಡಳು, ಮುಚ್ಚಳ ತೆಗೆದಳು, ಮತ್ತೆ ಮುಚ್ಚಿ ಕೆಳಗಿಟ್ಟಳು.

"ನಾನು ಮರೆತಿಲ್ಲ ಸಾರ್."

"ಅಕ್ಕ, ನಾನು ನಿಮ್ಮ ಮಾತು ನಂಬಲ್ಲ ಅಂತಲ್ಲ. ಆದ್ರೆ ಇದು ಅಚ್ಚಾಗಿದೆ, ಪುಸ್ತಕದಲ್ಲೂ ಹಾಗೇ ಇದೆ, ಈಗ ಅವರೇ ಬರೆದೂ ಕೊಟ್ಟಿದಾರೆ. ಸಹಿ ಇಲ್ದೆ ನಾನು ಬೀಗದ ಕೈ ಕೊಡೋ ಹಾಗಿಲ್ಲ."

"ಕೊಡಬೇಡಿ."

ಅಕ್ಕ ಎದ್ದಳು. ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟಳು. ಅಧಿಕಾರಿ ನೊಂದುಕೊಂಡೇ ಕೇಳಿದರು, "ಅವರು ಉತ್ತರಕ್ಕೆ ಕಾಯ್ತಿರ್ತಾರೆ. ಏನಂತ ಬರೀಲಿ?"

"ನಾನು ಓದಿದೆ ಅಂತ ಬರೀರಿ. ಎರಡು ಸಲ ಓದಿದೆ ಅಂತ ಬರೀರಿ," ಎಂದಳು ಅಕ್ಕ. "ಅವಳಿಗೆ ಅರ್ಥ ಆಗುತ್ತೆ."

ಅಷ್ಟು ಹೇಳಿ ಅವಳು ಬಾಗಿಲು ಎಳೆದುಕೊಂಡು, ತೊಳೆಯುವ ಕೋಣೆಯ ಕಡೆಗೆ ಮೆಟ್ಟಿಲಿಳಿದಳು.